ಅಜ್ಜಿಗೂ ಐದರಲ್ಲೊಂದು ಪಾಲು

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಷೇರುಗಳನ್ನು ಕಾಗದವಿಲ್ಲದೆ ಇಡುವ ಅವರ ಡಿಮ್ಯಾಟ್ ಖಾತೆಗೆ ನಾನೇ ನಾಮಿನಿ. ಬೀರುವಿನಲ್ಲಿ ನಾಮಿನಿ ಇಲ್ಲದ ಹಳೆಯ ಷೇರು ಪತ್ರಗಳೂ ಇವೆ. ತಂಗಿಯರಿಬ್ಬರ ಮದುವೆಗೆ ಅಪ್ಪ ಕೈತುಂಬ ಖರ್ಚು ಮಾಡಿದ್ದಾರೆ. ಅಮ್ಮ, ಅಜ್ಜಿ ನನ್ನ ಜೊತೆಗೇ ಇದ್ದಾರೆ. ಹೀಗಿರುವಾಗ ಉಳಿದವರ ಸಹಿ ಏಕೆ?’

ಓಡಾಟವೆಲ್ಲ ನಿಮ್ಮ ಹೆಗಲಿಗೇ ಬಿದ್ದಿದೆ, ಒಪ್ಪಿದೆ. ನಿಮ್ಮ ವಾದಕ್ಕೂ ಒಂದು ಕಾಲದಲ್ಲಿ ಬಲವಿತ್ತು. ಕಂಪನಿ ಕಾಯ್ದೆಯ ಪದಗಳನ್ನು ಹಿಡಿದು ನಾಮಿನಿಯೇ ಒಡೆಯನೆಂದು ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ 2010ರಲ್ಲಿ ಹೇಳಿತ್ತು. 2016ರಲ್ಲಿ ಅಲ್ಲಿಯದೇ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕಂಪನಿ ಯಾರ ಕೈಗೆ ಕೊಟ್ಟು ತಾನು ಹಗುರಾಗಬಹುದೋ ಅವನು ನಾಮಿನಿ, ಅಷ್ಟೇ. ಬೀಗದ ಕೈ ನಿಮ್ಮ ಸೊಂಟದಲ್ಲಿದೆ, ಮನೆ ಐವರದ್ದು.

ಐವರು ಹೇಗೆಂದಿರಾ? ಷೇರು ಅಪ್ಪನ ಸ್ವಂತ ದುಡಿಮೆಯದಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತೀರಿಕೊಂಡವರ ತಾಯಿ ಮೊದಲ ದರ್ಜೆಯ ವಾರಸುದಾರರು, ತಲೆಗೆ ಸಮಪಾಲು. ಮದುವೆ ಖರ್ಚನ್ನು ಮುಂಗಡವೆಂದು ಕಳೆಯುವ ಲೆಕ್ಕ ಅಲ್ಲಿಲ್ಲ. ಎಲ್ಲರೂ ಮರೆಯುವುದು ಅಜ್ಜಿಯನ್ನು. ಅವರು ಸಹಿ ಹಾಕದೆ, ಉಯಿಲನ್ನೂ ಬರೆಯದೆ ತೀರಿಕೊಂಡರೆ ಅವರ ಐದನೆಯ ಒಂದು ಪಾಲಿಗೆ ನಿಮ್ಮ ಚಿಕ್ಕಪ್ಪ, ಸೋದರತ್ತೆಯರೂ ಬರುತ್ತಾರೆ. ಆಗ ಐದು ಸಹಿಯ ಕೆಲಸ ಹನ್ನೆರಡಕ್ಕೆ ಹೋದರೂ ಆಶ್ಚರ್ಯವಿಲ್ಲ.

ಡಿಮ್ಯಾಟ್ ಭಾಗ ಸುಲಭ. ಮರಣ ಪ್ರಮಾಣಪತ್ರ, ನಿಮ್ಮ ಪ್ಯಾನ್, ವರ್ಗಾವಣೆ ಅರ್ಜಿ ಕೊಟ್ಟರೆ ಷೇರು ನಿಮ್ಮ ಖಾತೆಗೆ ಬರುತ್ತದೆ. ಅಲ್ಲಿಂದ ಉಳಿದವರಿಗೆ ಹಂಚುವಾಗ ಅದು ಮಾರಾಟವೆಂದು ದಾಖಲಾಗಿ ತೆರಿಗೆಯ ತಕರಾರು ಏಳುತ್ತಿತ್ತು. ಅದಕ್ಕೆಂದೇ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2026ರ ಜನವರಿ 1ರಿಂದ ‘ಟಿಎಲ್‌ಎಚ್’ ಎಂಬ, ಅಂದರೆ ವಾರಸುದಾರರಿಗೆ ವರ್ಗಾವಣೆ ಎಂಬ ಅರ್ಥದ, ಸಂಕೇತ ತಂದಿದೆ. ಹಂಚುವ ಅರ್ಜಿಯಲ್ಲಿ ಅದನ್ನು ಕೇಳಿ ಹಾಕಿಸಿ. 103 ಷೇರಿದ್ದರೆ ತಲೆಗೆ 20, ಮೂರು ಉಳಿಯುತ್ತವೆ. ಷೇರನ್ನು ತುಂಡು ಮಾಡಲಾಗದು, ಆ ಮೂರು ಯಾರಿಗೆಂದು ಮೊದಲೇ ಬರೆದುಕೊಳ್ಳಿ.

ಹೆಣಗಾಡಿಸುವುದು ಕಾಗದದ ಷೇರು. ಪ್ರತಿ ಕಂಪನಿಯ ಷೇರುದಾರರ ಪಟ್ಟಿ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೂ ಬೇರೆ ಬೇರೆ ಕಡತ: ಐಎಸ್‌ಆರ್-5 ಅರ್ಜಿ, ಮೂಲ ಷೇರು ಪತ್ರ, ವಾರಸುದಾರಿಕೆ ಪತ್ರ, ಎಲ್ಲ ವಾರಸುದಾರರ ಅಫಿಡವಿಟ್, ಪಾಲು ಬೇಡವೆನ್ನುವವರ ನಿರಾಕ್ಷೇಪಣಾ ಪತ್ರ, ನಷ್ಟಭರ್ತಿ ಮುಚ್ಚಳಿಕೆ. 2022ರಲ್ಲಿ ಸೆಬಿ ಹಾಕಿದ ಮಿತಿಯಂತೆ ಒಂದು ಕಂಪನಿಯಲ್ಲಿ 5 ಲಕ್ಷ ರೂಪಾಯಿವರೆಗೆ ವಾರಸುದಾರಿಕೆ ಪತ್ರ ಇಲ್ಲದಿದ್ದರೂ ನಡೆಯುತ್ತದೆ. ಮೀರಿದರೆ ವಾರಸುದಾರಿಕೆ ಪತ್ರವೋ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪತ್ರವೋ ಬೇಕು. ಅರ್ಜಿ ವಾಪಸಾಗುವುದು ಹೆಚ್ಚಾಗಿ ಇನಿಷಿಯಲ್‌ನಿಂದ. ಷೇರು ಪತ್ರದಲ್ಲಿ ಊರು ಮತ್ತು ತಂದೆಯ ಹೆಸರಿನ ಎರಡಕ್ಷರ, ಪ್ಯಾನ್‌ನಲ್ಲಿ ಅದೇ ಬಿಡಿಸಿ ಹಿಂದುಮುಂದಾಗಿ, ಮರಣ ಪತ್ರದಲ್ಲಿ ಬರೀ ಹೆಸರು!  ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ಮೊದಲ ಕಂತಿನಲ್ಲೇ ಲಗತ್ತಿಸಿ. ಸತತ 7 ವರ್ಷ ಡಿವಿಡೆಂಡ್ ಪಡೆಯದ ಷೇರು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತದೆ, ಅದನ್ನು ಬಿಡಿಸಲು ಐಇಪಿಎಫ್-5 ಎಂಬ ಇನ್ನೊಂದು ಅರ್ಜಿ.

ಸಹಿಯ ಮಾತಿಗೆ ಬರುತ್ತೇನೆ. ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಇಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಪ್ಪನ ಖಾತೆ ಎಲ್ಲಿದೆ, ಎಷ್ಟಿದೆ ಎಂಬುದು ಗಂಡುಮಕ್ಕಳಿಗಷ್ಟೇ ಗೊತ್ತು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಹೆಣ್ಣುಮಕ್ಕಳು ಓದದೆ ಬರೆದುಕೊಡುತ್ತಾರೆ. ಅದನ್ನು ‘ಒಪ್ಪಿಗೆ’ ಎನ್ನಲು ನನಗೆ ನಾಲಿಗೆ ಏಳದು. ನೀವು ಕೇಳಿಯಾದರೂ ಬರೆದಿದ್ದೀರಿ, ಅಷ್ಟರಮಟ್ಟಿಗೆ ವಾಸಿ. ಮೊದಲು ಪ್ರತಿ ಕಂಪನಿಯ ಷೇರು ಎಷ್ಟು, ಇಂದಿನ ಬೆಲೆ ಎಷ್ಟು, ತಲೆಗೆ ಎಷ್ಟು ಬಂತು ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರಿಗೂ ಕೊಡಿ. ಪಾಲು ಬೇಕೆಂದವರಿಗೆ ಡಿಮ್ಯಾಟ್ ಖಾತೆ ಬೇಕು. ಅಜ್ಜಿಗೆ ಪ್ಯಾನ್ ಇದೆಯೇ ಎಂದು ಇವತ್ತೇ ನೋಡಿ.