ನಕ್ಷೆಯ ಪ್ರಶ್ನೆ: ಕಾರವಾರ ನಾರ್ವೆ ಕಡೆ ಹೋದದ್ದು ಹೇಗೆ?

ಪ್ರಶ್ನೆ: ಮೇಡಂ, ನಾನು ಎಂ.ಎ. ಭೂಗೋಳ ವಿದ್ಯಾರ್ಥಿನಿ. ಹಿಂದೂ ಮಹಾಸಾಗರದ ಹಳೆಯ ಸುನಾಮಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಅಮೆರಿಕದ ನೋವಾ ಸಂಸ್ಥೆಯ ಸುನಾಮಿ ಪಟ್ಟಿಯನ್ನು ಡೌನ್‌ಲೋಡ್ ಮಾಡಿ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ಹಾಕಿದೆ. ಗುರುತಿಗೆ ಇರಲಿ ಅಂತ ಕಾರವಾರದ ಒಂದು ಸಾಲನ್ನು ನಾನೇ ಸೇರಿಸಿದ್ದೆ. ಅದು ನಾರ್ವೆಯ ಉತ್ತರದ ಸಮುದ್ರದಲ್ಲಿ ಕೂತಿದೆ. 2004ರ ಸುಮಾತ್ರಾ ಚುಕ್ಕಿ ಕಾಣುವುದೇ ಇಲ್ಲ. (ಕುಮಟಾ)

ಉತ್ತರ: ಕಾರವಾರವನ್ನು ಸೇರಿಸಿ ಒಳ್ಳೇದು ಮಾಡಿದಿರಿ. ಗೊತ್ತಿರುವ ಊರು ತಪ್ಪು ಜಾಗದಲ್ಲಿ ಕಂಡರೆ ತಕ್ಷಣ ಗೊತ್ತಾಗುತ್ತದೆ. ನಿಮ್ಮ ಕಾರವಾರ ಇರುವುದು 14.8 ಡಿಗ್ರಿ ಉತ್ತರ, 74.1 ಡಿಗ್ರಿ ಪೂರ್ವದಲ್ಲಿ. ಎರಡನ್ನೂ ಅದಲುಬದಲು ಮಾಡಿ ನೋಡಿ. ಸರಿಯಾಗಿ ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಸಮುದ್ರ ಬರುತ್ತದೆ. ಸುಮಾತ್ರಾ ಚುಕ್ಕಿಯ ರೇಖಾಂಶ ಸುಮಾರು 96. ಅದು ಅಕ್ಷಾಂಶದ ಜಾಗಕ್ಕೆ ಬಂದರೆ ಏನಾಗಬೇಕು? ಭೂಮಿ 90ಕ್ಕೇ ಮುಗಿಯುತ್ತದೆ. ಪಾಪ, ಅದು ನಕ್ಷೆಯ ಮೇಲಂಚು ದಾಟಿ ಆಚೆ ನಿಂತಿದೆ.

ನಾವು ಬಾಯಲ್ಲಿ ಹೇಳುವುದು 'ಅಕ್ಷಾಂಶ, ರೇಖಾಂಶ' ಅಂತ, ಅಲ್ವಾ? ಆ ಅಭ್ಯಾಸದಲ್ಲಿ ಮೊದಲ ಡಬ್ಬಿಗೆ ಅಕ್ಷಾಂಶ ಹಾಕಿರುತ್ತೀರಿ. ಕ್ಯೂಜಿಐಎಸ್‌ನ ಮೊದಲ ಡಬ್ಬಿ 'ಎಕ್ಸ್'. ಅದಕ್ಕೆ ರೇಖಾಂಶ, 'ವೈ'ಗೆ ಅಕ್ಷಾಂಶ. ಲೇಯರ್ ಮೆನುವಿನಲ್ಲಿ ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್‌ಗೆ ಮತ್ತೆ ಹೋಗಿ. ಫೈಲಿನ ಕಾಲಂಗಳ ನಡುವೆ ಇರುವುದು ಅಲ್ಪವಿರಾಮವಲ್ಲ, ಟ್ಯಾಬ್. ಅದನ್ನೂ ಆರಿಸಿಕೊಳ್ಳಿ. ನಿರ್ದೇಶಾಂಕ ಪದ್ಧತಿ ಕೇಳಿದರೆ ಇಪಿಎಸ್‌ಜಿ 4326 ಆರಿಸಿ, ಅದು ಮಾಮೂಲಿ ಅಕ್ಷಾಂಶ-ರೇಖಾಂಶದ ಪದ್ಧತಿ.

ಹಾಗೇ ಇನ್ನೊಂದು. ಹೆಸರುಗಳ ಸಾಲಿನ ಕೆಳಗೆ ನೀವು ಏನೇನು ಹುಡುಕಿದಿರಿ ಅನ್ನುವ ಒಂದು ಸಾಲು ಇರುತ್ತದೆ. ಅದು ಸುನಾಮಿ ಅಲ್ಲ. ಅಳಿಸುವ ಮೊದಲು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಆರು ತಿಂಗಳಾದ ಮೇಲೆ ಗೈಡ್ ಕೇಳಿದಾಗ ಬೇಕಾಗುತ್ತದೆ.

ಪ್ರಶ್ನೆ: ಮಕ್ರಾನ್ ಸುನಾಮಿ ನಡೆದದ್ದು 1945ರ ನವೆಂಬರ್ 28ರಂದು ಅಂತ ಓದಿದ್ದೆ. ಪಟ್ಟಿಯಲ್ಲಿ 27 ಅಂತಿದೆ. ತಿದ್ದಿಬಿಡಲೇ? (ಕಾರವಾರ)

ಉತ್ತರ: ದಯವಿಟ್ಟು ಬೇಡ. ಎರಡೂ ಸರಿ. ಪಟ್ಟಿಯ ಗಡಿಯಾರ ಗ್ರೀನಿಚ್‌ನದು. ಅಲ್ಲಿ 27ರ ರಾತ್ರಿ 9 ಗಂಟೆ 56 ನಿಮಿಷ. ಐದೂವರೆ ಗಂಟೆ ಸೇರಿಸಿದರೆ ನಮ್ಮಲ್ಲಿ 28ರ ಬೆಳಗಿನ ಜಾವ 3.26. ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯ ಆಚೆ ನೆಲ ನಡುಗಿದ್ದು ಆಗ. ಆ ಅಲೆ ಮುಂಬೈಯಲ್ಲಿ ಜನರನ್ನು ಬಲಿ ತೆಗೆದುಕೊಂಡಿತು. ನಿಮ್ಮ ಕಾರವಾರದ ತನಕವೂ ಬಂದಿತ್ತು. ಹಾಗಾಗಿ ಈ ಸಾಲಿನ ಮೇಲೆ ನಿಮಗೆ ಕಾಳಜಿ ಇರುವುದು ಸರಿಯೇ.

ಮೂಲ ಕಾಲಂ ಮುಟ್ಟಬೇಡಿ. ಪಕ್ಕದಲ್ಲಿ 'ಭಾರತೀಯ ಸಮಯ' ಅಂತ ಹೊಸ ಕಾಲಂ ಮಾಡಿ. ಹಳೆಯ ವರದಿಯಿಂದ ಗಂಟೆ ಎತ್ತಿಕೊಳ್ಳುವಾಗ ಇನ್ನೂ ಹುಷಾರಾಗಿರಿ. ಯುದ್ಧದ ಕಾಲದಲ್ಲಿ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ಓಡಿಸಿದ್ದರು. 1945ರ ಅಕ್ಟೋಬರ್ ಮಧ್ಯದಲ್ಲಿ ವಾಪಸ್ ತಿರುಗಿಸಿದರು, ಸುನಾಮಿಗೆ ಬರೀ ಆರು ವಾರ ಮೊದಲು. ಮುಂಬೈಯಂತೂ 1955ರವರೆಗೆ ತನ್ನದೇ 'ಬಾಂಬೆ ಟೈಮ್' ಬಿಟ್ಟಿರಲಿಲ್ಲ. ಅದು ದೇಶದ ಸಮಯಕ್ಕಿಂತ ಸುಮಾರು 39 ನಿಮಿಷ ಹಿಂದೆ. ಮುಂಬೈಯ ವರದಿಯಲ್ಲಿ 'ಬೆಳಿಗ್ಗೆ ಎಂಟೂಕಾಲು' ಅಂತ ಸಿಕ್ಕಿದರೆ, ಯಾವ ಗಡಿಯಾರದ ಎಂಟೂಕಾಲು ಅಂತ ಕೇಳಿಕೊಳ್ಳಿ. ಅಲೆ ಎಷ್ಟು ಹೊತ್ತಿಗೆ ತಲುಪಿತು ಅಂತ ಲೆಕ್ಕ ಹಾಕುವವರಿಗೆ 39 ನಿಮಿಷ ಜಾಸ್ತಿಯೇ.

ದಿನಾಂಕದ ವಿಷಯಕ್ಕೆ ನನಗೂ ಒಮ್ಮೆ ಮರ್ಯಾದೆ ಹೋಗಿತ್ತು. ವರ್ಷ, ತಿಂಗಳು, ದಿನ ಬೇರೆ ಬೇರೆ ಕಾಲಂನಲ್ಲಿದ್ದವು. ಎಕ್ಸೆಲ್‌ನಲ್ಲಿ ಡೇಟ್ ಸೂತ್ರ ಹಾಕಿ ಸೇರಿಸಿ, ನೋಡದೇ ಕೆಳಗಿನವರೆಗೆ ಎಳೆದೆ. ಸೆಮಿನಾರಿನ ಪರದೆ ಮೇಲೆ ಕ್ರಕಟೋವಾ ಜ್ವಾಲಾಮುಖಿಯ ಸುನಾಮಿ 3783ರಲ್ಲಿ ಬಂತು! ಎಕ್ಸೆಲ್‌ನ ಕ್ಯಾಲೆಂಡರ್ ಶುರುವಾಗುವುದೇ 1900ರಿಂದ. ಅದಕ್ಕಿಂತ ಹಿಂದಿನ ವರ್ಷ ಕೊಟ್ಟರೆ ಸುಮ್ನೆ 1900 ಕೂಡಿಸಿಬಿಡುತ್ತದೆ. 1883ಕ್ಕೆ 1900 ಕೂಡಿಸಿ. ಹಿಂದಿನ ಸಾಲಿನಿಂದ ಒಬ್ಬ ಹುಡುಗ 'ಹಾಗಾದ್ರೆ ಇನ್ನೂ ಟೈಮ್ ಇದೆ ಬಿಡಿ ಮೇಡಂ' ಅಂದ. ಅವತ್ತಿನಿಂದ ನಾನು ವರ್ಷವನ್ನು ಬರೀ ಅಂಕಿಯಾಗಿ ಇಟ್ಟುಕೊಳ್ಳುತ್ತೇನೆ. ಪಟ್ಟಿಯಲ್ಲಿ ಕ್ರಿಸ್ತಪೂರ್ವದ ಸುನಾಮಿಗಳೂ ಇವೆ. ಎಷ್ಟೋ ಸಾಲಿಗೆ ತಿಂಗಳೇ ಇಲ್ಲ. ಅವಕ್ಕೆ ದಿನಾಂಕ ಮಾಡಲು ಹೋಗುವುದೇ ಬೇಡ.

ಪ್ರಶ್ನೆ: ಅಲೆಯ ಎತ್ತರದ ಕಾಲಂನಲ್ಲಿ ಎಷ್ಟೋ ಕಡೆ ಖಾಲಿ ಇದೆ. ಸೊನ್ನೆ ತುಂಬಿಸಲೇ? (ಉಡುಪಿ)

ಉತ್ತರ: ಬೇಡವೇ ಬೇಡ. ಸೊನ್ನೆ ಅಂದರೆ ಅಳೆದರು, ನೀರು ಏರಿರಲಿಲ್ಲ ಅಂತ. ಖಾಲಿ ಅಂದರೆ ಅಳತೆ ಸಿಕ್ಕಿಲ್ಲ. ಸೊನ್ನೆ ತುಂಬಿಸಿ ಸರಾಸರಿ ತೆಗೆದರೆ ಹಳೆಯ ಸುನಾಮಿಗಳೆಲ್ಲ ಕುಬ್ಜವಾಗಿಬಿಡುತ್ತವೆ. ಖಾಲಿ ಜಾಗ ಖಾಲಿಯೇ ಇರಲಿ. ನಕ್ಷೆಯಲ್ಲಿ ಅವಕ್ಕೆ ಬಣ್ಣ ತುಂಬದ ಬೇರೆ ಗುರುತು ಕೊಡಿ.

ಅಳತೆ ಇದ್ದರೂ ಹೇಗೆ ಅಳೆದದ್ದು ಅಂತ ನೋಡಿ. ಬಂದರಿನ ಉಬ್ಬರ ಮಾಪಕ ಬರೆದ ಅಂಕಿಯೂ, ಊರವರು 'ತೆಂಗಿನಮರದ ಈ ಮಟ್ಟಕ್ಕೆ ಬಂತು' ಅಂತ ತೋರಿಸಿದ ಅಂಕಿಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. 1881ರ ಕೊನೆಯ ದಿನ ಕಾರ್ ನಿಕೋಬಾರ್ ಕಡೆಯ ಭೂಕಂಪದ ಅಲೆಗಳನ್ನು ಬಂಗಾಳ ಕೊಲ್ಲಿಯ ಉಬ್ಬರ ಮಾಪಕಗಳು ಗೀರಿಟ್ಟಿವೆ. ಒಂದು ಮೀಟರೂ ಇಲ್ಲದ ಅಲೆಗಳು. ಮಾಪಕ ಇಲ್ಲದಿದ್ದರೆ ಯಾರೂ ಬರೆದಿಡುತ್ತಿರಲಿಲ್ಲ.

ನಂಬಿಕೆಯ ಕಾಲಂ ಒಂದಿದೆ, ಅದನ್ನು ಎಲ್ಲರೂ ಹಾರಿಸುತ್ತಾರೆ. 4 ಅಂದರೆ ಖಚಿತ, 3 ಅಂದರೆ ಬಹುಪಾಲು ನಿಜ, 2 ಅನುಮಾನ, 1 ತೀರಾ ಅನುಮಾನ. ಮೈನಸ್ 1 ಅಂದರೆ ನಮೂದೇ ತಪ್ಪು. ಎಣಿಕೆಗೆ 3 ಮತ್ತು 4 ಮಾತ್ರ ಇಟ್ಟುಕೊಳ್ಳಿ. ಉಳಿದವನ್ನು ಅಳಿಸದೆ ಫಿಲ್ಟರ್‌ನಲ್ಲಿ ಮರೆಮಾಡಿ. ಎಣಿಸುವುದಂತೂ ಮೂಲ ಘಟನೆಗಳ ಪಟ್ಟಿಯಲ್ಲೇ. ಅಲೆ ತಲುಪಿದ ಊರುಗಳ ಪಟ್ಟಿ ಬೇರೆ. ಅದರಲ್ಲಿ 2004ರ ಒಂದೇ ಸುನಾಮಿಗೆ ನೂರಾರು ಸಾಲುಗಳಿವೆ.

ಪ್ರಶ್ನೆ: ನಕ್ಷೆಯ ಮಾಹಿತಿಯನ್ನು ಶೇಪ್‌ಫೈಲ್ ಅನ್ನುವ ಬಗೆಯ ಫೈಲ್ ಮಾಡಿ ಉಳಿಸಿದೆ. ತೆರೆದರೆ ಕಾಲಂ ಹೆಸರುಗಳೆಲ್ಲ ಅರ್ಧಕ್ಕೇ ತುಂಡಾಗಿವೆ. ಲ್ಯಾಪ್‌ಟಾಪ್ ಹಳೆಯದು, ಅದಕ್ಕೇ ಇರಬಹುದೇ? (ಭಟ್ಕಳ)

ಉತ್ತರ: ಲ್ಯಾಪ್‌ಟಾಪ್‌ನ ತಪ್ಪಲ್ಲ. ಶೇಪ್‌ಫೈಲಿನ ಕಾಲಂ ಹೆಸರಿಗೆ ಹತ್ತೇ ಅಕ್ಷರ ಜಾಗ. ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಬಗೆಯ ಫೈಲ್ ಮಾಡಿ ಉಳಿಸಿ, ಹೆಸರು ಪೂರ್ತಿ ಉಳಿಯುತ್ತದೆ. ಘಟನೆಗಳ ಪಟ್ಟಿ ಕೆಲವೇ ಸಾವಿರ ಸಾಲಿನದು, ಹಳೆಯ ಲ್ಯಾಪ್‌ಟಾಪ್‌ಗೂ ಅದೇನು ಭಾರವಲ್ಲ. ಹೊಸದು ಕೊಡಿಸಿ ಅಂತ ಮನೆಯಲ್ಲಿ ಕೇಳಲು ಬೇರೆ ಕಾರಣ ಹುಡುಕಿ.