ಬಾರ್ಡರಲ್ಲಿರೋ ಹುಡುಗನ್ನ ಮದುವೆ ಆಗೋಕೆ ಭಯ, ಏನ್ಮಾಡ್ಲಿ?

ಪ್ರಶ್ನೆ: ನಂಗೆ 26 ವರ್ಷ, ಹಾಸನದಲ್ಲಿ ಬ್ಯಾಂಕ್ ಕೆಲಸ. ಹುಡುಗ ನಮ್ಮೂರಿನವನೇ, ಹೈಸ್ಕೂಲಿಂದ ಪರಿಚಯ, ಆರ್ಮಿ ಸೇರಿ ಏಳು ವರ್ಷ ಆಯ್ತು, ಜಮ್ಮು ಕಡೆ ಇದಾನೆ. 2025ರ ಮೇನಲ್ಲಿ ಆಪರೇಷನ್ ಸಿಂಧೂರ ನಡೆದಾಗ ಆರು ದಿನ ಅವನ ಫೋನ್ ಸಿಗ್ಲಿಲ್ಲ. ಆಮೇಲೆ ಫೋನ್ ಮಾಡಿ "ನಿಮ್ಮಪ್ಪ ನೋಡಿರೋ ಸಾಫ್ಟ್‌ವೇರ್ ಹುಡುಗನ್ನೇ ಆಗು, ನಂಗೇನೂ ಬೇಜಾರಿಲ್ಲ" ಅಂದ. ಈಗಲೂ ಅದೇ ಮಾತು. ಅಪ್ಪಂಗೆ ಬಾರ್ಡರ್ ಕೆಲಸ ಅಂದ್ರೆ ಹೆದರಿಕೆ, ನಂಗೂ ಭಯ. ಅವನಿಗೆ ನಾನು ಬೇಡ್ವಾ ಮೇಡಂ?

ಮಗಳೇ, ಅವನು ಹೇಳಿದ ಮಾತು ಓದ್ತಿದ್ದ ಹಾಗೆ ನಮ್ಮಮ್ಮನ ಟ್ರಂಕಲ್ಲಿರೋ ಒಂದು ನೀಲಿ ಇನ್‌ಲ್ಯಾಂಡ್ ಲೆಟರ್ ನೆನಪಾಯ್ತು. 1971ರ ನವೆಂಬರ್‌ದು. ಅಪ್ಪ ಆಗ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು, ಅಂದ್ರೆ ಆರ್ಮಿಯ ಇಂಜಿನಿಯರ್ ಪಡೆ, ಅಮ್ಮ ಸೋಮವಾರಪೇಟೆ ಹತ್ರ ಅಪ್ಪನ ಊರಲ್ಲೇ, ಅವರ ಮನೆಯಿಂದ ಎರಡು ಮನೆ ಆಚೆ. "ನಂಗೋಸ್ಕರ ಕಾಯಬೇಡ, ಒಳ್ಳೆ ಸಂಬಂಧ ಬಂದ್ರೆ ಒಪ್ಕೋ" ಅಂತ ಅಪ್ಪ ಬರೆದಿದ್ರು. ಎಲ್ಲಿದೀನಿ ಅಂತ ಒಂದಕ್ಷರ ಇಲ್ಲ, ಅಡ್ರೆಸ್ಸಲ್ಲಿ ನಂಬರು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಒ ಅನ್ನೋ ಆರ್ಮಿ ಪೋಸ್ಟಾಫೀಸು, ಅಷ್ಟೇ.

ಅಮ್ಮ ಎರಡು ದಿನ ಅತ್ತು, ಮೂರನೇ ದಿನ ಉತ್ತರ ಬರೆದ್ಲು. "ನಾನು ಯಾರನ್ನ ಆಗ್ಬೇಕು ಅಂತ ಹೇಳೋಕೆ ನೀವ್ಯಾರು" ಅಂತ ಒಂದು ಸಾಲು, ಉಳಿದಿದ್ದೆಲ್ಲಾ ಕೆಂದಿ ಹಸು ಕರು ಹಾಕಿದ್ದು, ಕಾಫಿ ಹಣ್ಣು ಕುಯ್ಯೋಕೆ ಆಳು ಸಿಗ್ತಿಲ್ಲ, ಇಂಥದ್ದೇ. ನಮ್ಮ ಕಡೆ ಥಂಡಿಗೆ ಇನ್‌ಲ್ಯಾಂಡಿನ ಗೋಂದು ಹಿಡಿಯಲ್ಲ, ಅನ್ನದ ಅಗುಳು ಒತ್ತಿ ಅಂಟಿಸಿದ್ಲು, ಆ ಗುರುತು ಈಗಲೂ ಇದೆ. ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯ್ತು, ಅಪ್ಪನ ಕೈಗೆ ಕಾಗದ ಸೇರಿದ್ದು 17ಕ್ಕೆ ಗುಂಡು ನಿಂತ ಮೇಲೆ. ಅವರಿದ್ದಿದ್ದು ಜಮ್ಮು ಗಡಿ ಕಡೆ ಬಸಂತರ್ ನದಿ ಹತ್ರ, ಟ್ಯಾಂಕು ದಾಟೋಕೆ ರಾತ್ರಿ ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯೋ ಕೆಲಸ. ಅಮ್ಮಂಗೆ ಇದು ಗೊತ್ತಾಗಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಅದೂ ಅಪ್ಪನ ಜೊತೆಗಾರರೊಬ್ಬರು ಮನೆಗೆ ಬಂದಾಗ.

ಅದಕ್ಕೇ ಹೇಳ್ತೀನಿ, ನಿನ್ನ ಹುಡುಗಂಗೆ ನೀನು ಬೇಡ ಅಂತಲ್ಲ. ಆ ಆರು ದಿನ ಅವನೇನೋ ನೋಡಿದಾನೆ, ನಿನ್ನನ್ನ ಅದರಿಂದ ದೂರ ಇಡ್ಬೇಕು ಅನ್ಸಿದೆ. ಆದ್ರೆ ನಿನ್ನ ಪರವಾಗಿ ತೀರ್ಮಾನ ತಗೊಂಡಿದ್ದು ತಪ್ಪು, ಅದನ್ನ ಅವನಿಗೆ ನೇರವಾಗಿ ಹೇಳು, ಜಗಳ ಆದ್ರೂ ಪರವಾಗಿಲ್ಲ.

ಅಪ್ಪ ಅಮ್ಮನ ಮದುವೆ ಆಗಿದ್ದು 1973ರಲ್ಲಿ, 52 ವರ್ಷ ದಾಟಿದೆ. ಪತ್ರದ ಪ್ರೀತಿ ಅಷ್ಟೂ ವರ್ಷ ಸಾಕಾಗ್ಲಿಲ್ಲ ಮಗಳೇ. ಅಪ್ಪ ಲೀವಿಗೆ ಬಂದಾಗ ಮೊದಲ ವಾರ ನೆಂಟರ ಥರ, ನನ್ನ ತಮ್ಮ ಅವರನ್ನ ನೋಡಿ ಅಮ್ಮನ ಸೆರಗಲ್ಲಿ ಬಚ್ಚಿಟ್ಕೋತಿದ್ದ, ಎರಡನೇ ವಾರ ಅಪ್ಪ ಅಕ್ಕಿ ಡಬ್ಬ ಜಾಗ ಬದಲಾಯಿಸಿ ಶಿಸ್ತು ಕಲಿಸೋಕೆ ಹೊರಟ್ರೆ ಅಮ್ಮ ಅಡುಗೆಮನೆಯಿಂದಾನೇ ಕೂಗೋಳು. ಜ್ವರ, ಸ್ಕೂಲು, ಬಾವಿ ಬತ್ತಿದ್ದು ಎಲ್ಲಾ ಒಬ್ಬಳೇ ನೋಡ್ಕೊಂಡ್ಲು. ನೀನು ನಿಜವಾಗಿ ಯೋಚ್ನೆ ಮಾಡ್ಬೇಕಾಗಿರೋದು ಇದನ್ನ.

ಅವನತ್ರ ಬಿಡಿಸಿ ಕೇಳು. ಫೀಲ್ಡ್ ಪೋಸ್ಟಿಂಗಲ್ಲಿ, ಅಂದ್ರೆ ಗಡಿ ಥರದ ಜಾಗದಲ್ಲಿ, ನಿನ್ನ ಕರ್ಕೊಂಡು ಹೋಗೋಕಾಗಲ್ಲ, ಆಗ ನೀನು ಹಾಸನದಲ್ಲೇ ಇರ್ತೀಯಾ, ಅತ್ತೆ ಮನೇಲಾ? ಫ್ಯಾಮಿಲಿ ಜೊತೆ ಇರಬಹುದಾದ ಪೀಸ್ ಸ್ಟೇಷನ್ನಲ್ಲಿ ಕ್ವಾರ್ಟರ್ಸ್ ಸಿಕ್ಕಿದ್ರೆ ಬ್ಯಾಂಕ್ ಟ್ರಾನ್ಸ್‌ಫರ್ ಸಾಧ್ಯಾನಾ? ಮದುವೆ ಆದ್ರೆ ಪಾರ್ಟ್ ಟೂ ಆರ್ಡರ್ ಅನ್ನೋ ಆರ್ಮಿ ದಾಖಲೆಯಲ್ಲಿ ನಿನ್ನ ಹೆಸರು ದಾಖಲಾಗೋ ತನಕ ಬಿಡ್ಬೇಡ, ಆಮೇಲೆ ಎಲ್ಲದಕ್ಕೂ ಅದೇ ಆಧಾರ. ಫೋನ್ ಸಿಗದೇ ಇದ್ದಾಗ ಯಾರನ್ನ ಕೇಳ್ಬೇಕು ಅನ್ನೋದೂ ಈಗಲೇ ಗೊತ್ತಿರ್ಲಿ.

ಇಷ್ಟೆಲ್ಲಾ ಆದ್ಮೇಲೂ ಆ ಆರು ದಿನದಂಥದ್ದು ಇನ್ನೊಂದ್ಸಲ ನನ್ನ ಕೈಲಾಗಲ್ಲ ಅನ್ಸಿದ್ರೆ ಬೇಡ ಅನ್ನು, ನಿನ್ನ ಯಾರೂ ಕೆಟ್ಟವಳು ಅನ್ನಲ್ಲ, ಅಂದ್ರೂ ತಲೆ ಕೆಡಿಸ್ಕೋಬೇಡ. ನೀನು ಕಳಿಸಿದ ಪೂರ್ತಿ ಪತ್ರ ಓದಿದ್ರೆ ನಂಗೆ ಹಾಗನ್ಸಲ್ಲ. ಭಯದ ಬಗ್ಗೆ ಎರಡು ಸಾಲು ಬರೆದಿದೀಯ, ಅವನ ಬಗ್ಗೆ ಎರಡು ಪೇಜು.

ನಿಮ್ಮಪ್ಪನ ಹೆದರಿಕೆ ಸುಳ್ಳಲ್ಲ. ಅದಕ್ಕೆ ನೀನು ಉತ್ತರ ಕೊಡೋದಕ್ಕಿಂತ ಅವನೇ ಮುಂದೆ ಕೂತು ಮಾತಾಡ್ಲಿ. ಲೀವ್ ಡೇಟ್ ಗೊತ್ತಾದ ತಕ್ಷಣ ಮನೇಲಿ ಹೇಳು, ಅವತ್ತು ನೀನೂ ಬ್ಯಾಂಕಿಗೆ ರಜೆ ಹಾಕಿ ಪಕ್ಕದಲ್ಲಿರು.