ಸ್ಮೋಕರ್‌ನಾಗ ಬಿಳಿ ಹೊಗಿ ತುಂಬಿ ಮಟನ್ ಕಹಿ ಆಗ್ಲಿಕತ್ತದ, ಯಾವ ಕಟಗಿ ಹಾಕ್ಬೇಕು?

ಹಳೀ ಟ್ಯಾಂಕ್ ಕೊಯ್ಸಿ ಸ್ಮೋಕರ್, ಅಂದ್ರ ಕಟಗಿ ಹೊಗಿಯೊಳಗ ಮಾಂಸ ಬೇಯಿಸೋ ಒಲಿ, ಮಾಡಿಸೀರಿ, ಶಾಖ ಇಳಿಸ್ಲಿಕ್ಕ ಗಾಳಿ ಬಾಗಿಲು ಮುಚ್ತೀನಿ ಅಂತ ಬರದೀರಿ. ಕಟಗೀದು ಆಮ್ಯಾಲ ನೋಡೂಣು, ಮೊದಲು ಆ ಬಾಗಿಲು ತೆಗೀರಿ.

ಕಲಬುರಗಿಯೊಳಗ ನಂದೂ ಅಂಥದ್ದೇ ಒಂದು ಅದ. ಮೊದಲ ಸಲ ನಾನೂ ಬಾಯಿತನಕ ಕಟಗಿ ಒಟ್ಟಿ, ಆಮ್ಯಾಲ ಅದರ ಉಸಿರು ಕಟ್ಟಿಸಿದ್ದೆ. ಎರಡು ತೊಡಿ ಮಟನ್ ಡಾಂಬರ್ ನೆಕ್ಕಿದಂಗ ಆಗಿ ಓಣಿ ನಾಯಿಗೋಳ ಪಾಲಾತು. ಗಾಳಿ ಸಾಲದ ಕಟಗಿ ಉರಿಯಂಗಿಲ್ಲ, ಬರೇ ಕಮರ್ತದ. ಆ ದಪ್ಪ ಹೊಗಿಯೊಳಗಿನ ಕ್ರಿಯೋಸೋಟ್ ಅನ್ನೋ ಜಿಗಟು ಮಾಂಸದ ಮ್ಯಾಲ ಕೂತು ಕಹಿ ಮಾಡ್ತದ. ಚಿಮಣಿ ಪೂರಾ ತೆರದಿರ್ಲಿ. ಶಾಖ ಇಳಿಸ್ಬೇಕಂದ್ರ ಕಟಗಿ ಕಮ್ಮಿ ಹಾಕ್ರಿ, ಗಾಳಿ ಕಮ್ಮಿ ಮಾಡಬ್ಯಾಡ್ರಿ. ಕಂಡೂ ಕಾಣದಂಥ ತಿಳಿ ನೀಲಿ ಹೊಗಿ ಬಂದ್ರ ಬೆಂಕಿ ಸರಿ ಅದ.

ನಾನು ತೊಗರಿ ಕಟಗಿಯಿಂದ ಹಚ್ತೀನಿ, ನಮ್ಮ ಜಿಲ್ಲಾದಾಗ ಅದಕ್ಕೇನು ಬರ! ಆದ್ರ ಅದು ಭರ್ರಂತ ಉರಿದು ಬೂದಿ ಆಗ್ತದ, ಕೆಂಡಕ್ಕ ಜಾಲಿನೇ ಬೇಕು. ಕೆಂಡ ಬಿದ್ದ ಮ್ಯಾಲ 30–45 ನಿಮಿಷಕ್ಕೊಂದು ಮುಂಗೈ ದಪ್ಪದ ಸೀಳು ಸಾಕು. ಮುಂದಿನ ಸೀಳು ಬೆಂಕಿ ಉರಿಯೋ ಫೈರ್‌ಬಾಕ್ಸ್ ತಲಿ ಮ್ಯಾಲ ಕಾಯ್ತಾ ಕುಂತಿರ್ಲಿ. ಬಿಸಿ ಆದದ್ದು ಹಾಕಿದ ಕೂಡ್ಲೇ ಹತ್ಕೋತದ. ಸ್ಮೋಕರ್ ಒಳಗಿನ ಶಾಖ 110ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವ ಆಡ್ತಿದ್ರ ಮುಟ್ಟಬ್ಯಾಡ್ರಿ. ಮುಚ್ಚಳದ ಥರ್ಮಾಮೀಟರ್ ನಂಬಬ್ಯಾಡ್ರಿ, ಮಾಂಸದ ಜಾಲರಿ ಹತ್ರ ಇನ್ನೊಂದು ಇಡ್ರಿ.

ಮಾಂಸದ ಒಳಗಿನ ಶಾಖ 65–75ಕ್ಕ ಬಂದು ತಾಸುಗಟ್ಟಲೆ ಅಲ್ಲೇ ನಿಂತ್ರ ಗಾಬರಿ ಬ್ಯಾಡ. ಮಾಂಸ ನಮ್ಮಂಗೇ ಬೆವರಿ ತಣ್ಣಗಾಗ್ತಿರ್ತದ. ಆವಾಗ ಸಿಟ್ಟಿಗೆದ್ದು ಎರಡು ಸೀಳು ಹೆಚ್ಚು ತುರುಕಿದೋರೇ ಕೆಡ್ತಾರ.

ಈಗ ಕಟಗಿ. ಜಾಲಿ, ಹುಣಸಿ, ಮಾವು ಮೂರೂ ನಡೀತಾವ, ಪೂರಾ ಒಣಗಿರ್ಬೇಕು ಅಷ್ಟೇ. ಎರಡು ಸೀಳು ಬಡದ್ರ ಠಣ್ ಅನ್ಬೇಕು. ದಪ್ ಅಂದ್ರ ಹಸಿ ಅದ. ಹೊಲದ ಬದುವಿನ ಬಳ್ಳಾರಿ ಜಾಲಿ, ಟೆಕ್ಸಾಸ್‌ನವರ ಮೆಸ್ಕೀಟ್ ಮರದ ದಾಯಾದಿ, ಭಾಳ ತೇಜ. ನಾನು ಮಾವಿನ ಜೋಡಿ ಒಂದೊಂದು ತುಂಡು ಸೇರಸ್ತೀನಿ. ಬೇವು ನಾನಂತೂ ಹಾಕಂಗಿಲ್ಲ. ಬಣ್ಣ ಬಳದ ಹಳೀ ಬಾಗಿಲು, ಪ್ಲೈವುಡ್ ನೀವೂ ಹಾಕಬ್ಯಾಡ್ರಿ.

ಮತ್ತ ಬ್ಯಾಸಗಿ ಗಾಳಿಯೊಳಗ ಕಣಕಿ ಬಣವಿ ಹತ್ರ ಇದನ್ನ ಹಚ್ಚಬ್ಯಾಡ್ರಿ, ಕಿಡಿ ಹಾರ್ತಾವ.